ಒಲೆಯ ಹೊಗೆಯಿಂದ ಉಸಿರನ್ನು ಕಾಪಾಡಿಕೊಳ್ಳಿ

ಬೀಡಿ, ಸಿಗರೇಟು ಮುಟ್ಟದ ಅನೇಕ ತಾಯಂದಿರು ತಿಂಗಳುಗಟ್ಟಲೆ ಕೆಮ್ಮು, ಕಫ, ಏದುಸಿರು ಎಂದು ಆಸ್ಪತ್ರೆಗೆ ಬರುತ್ತಾರೆ. "ನನಗೆ ಯಾವ ಚಟವೂ ಇಲ್ಲ, ಹೀಗೇಕಾಯಿತು?" ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಎಷ್ಟೋ ಸಲ ಅವರ ಅಡುಗೆಮನೆಯಲ್ಲೇ ಇರುತ್ತದೆ.

2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡ ಕುಟುಂಬಗಳ ಮಹಿಳೆಯರಿಗೂ ಗ್ಯಾಸ್ ಸಂಪರ್ಕ ದೊರೆಯಿತು. ಆದರೂ ನಂಜನಗೂಡು, ತಿ. ನರಸೀಪುರ ಸುತ್ತಿನ ಹಳ್ಳಿಗಳಲ್ಲಿ ಸೌದೆ ಒಲೆ ಪೂರ್ತಿ ಆರಿಲ್ಲ. ಸಿಲಿಂಡರ್ ಬೇಗ ಮುಗಿಯಬಾರದೆಂದು ಗ್ಯಾಸನ್ನು ಕಾಫಿಗೆ ಮಾತ್ರ ಹಚ್ಚಿ, ಮುದ್ದೆ, ಸಾರು, ಸ್ನಾನದ ನೀರಿಗೆ ಸೌದೆ, ತೆಂಗಿನ ಮಟ್ಟೆ, ಬೆರಣಿ ಉರಿಸುವ ಮನೆಗಳಿವೆ.

ಹೊಗೆಯಲ್ಲಿ ಏನಿದೆ?

ಸೌದೆ ಸರಿಯಾಗಿ ಉರಿಯದಿದ್ದಾಗ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಅತಿ ಸೂಕ್ಷ್ಮ ಕಣಗಳೂ ಹೊರಬರುತ್ತವೆ. ತಲೆಕೂದಲಿಗಿಂತ ಸುಮಾರು ಮೂವತ್ತು ಪಟ್ಟು ತೆಳುವಾದ ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉಸಿರಿನ ನಾಳಗಳನ್ನು ಊದಿಸುತ್ತವೆ. ಗರ್ಭಿಣಿಯರಲ್ಲಿ ಕಡಿಮೆ ತೂಕದ ಮಗು, ಮಕ್ಕಳಲ್ಲಿ ನ್ಯುಮೋನಿಯಾ, ಹಿರಿಯರಲ್ಲಿ ಹೃದ್ರೋಗ ಮತ್ತು ಕಣ್ಣಿನ ಪೊರೆಯ ಅಪಾಯವೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸಾವಿಗೀಡಾದರು.

ನಿಮ್ಮ ಹೊಗೆಯ ಲೆಕ್ಕ ಹಾಕಿ

ಈ ಕುರಿತು ನಮ್ಮ ಜಿಲ್ಲೆಯಲ್ಲೇ ಅಧ್ಯಯನ ನಡೆದಿದೆ. ಮೈಸೂರು ಮತ್ತು ನಂಜನಗೂಡು ತಾಲ್ಲೂಕುಗಳ ತಲಾ 8 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, 30 ವರ್ಷ ದಾಟಿದ, ಧೂಮಪಾನ ಮಾಡದ ಸುಮಾರು 4,000 ಮಹಿಳೆಯರಿಂದ ಮಾಹಿತಿ ಪಡೆಯಲಾಯಿತು. 2013ರಲ್ಲಿ ಅದರ ವರದಿ ಪ್ರಕಟವಾಯಿತು. ಅದರಲ್ಲಿ ಬಳಸಿದ ಲೆಕ್ಕ ಸರಳವಾಗಿದೆ:

ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳು × ಹಾಗೆ ಅಡುಗೆ ಮಾಡಿದ ವರ್ಷಗಳು

ಈ ಸಂಖ್ಯೆ 60 ಮುಟ್ಟಿದ ಮೇಲೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಗಮನಾರ್ಹವಾಗಿ ಏರುತ್ತದೆ. 110 ಅಥವಾ ಹೆಚ್ಚು ಇದ್ದವರಲ್ಲಿ 20ಕ್ಕೆ ಒಬ್ಬರಿಗೆ ಈ ರೋಗವಿತ್ತು. ದಿನಕ್ಕೆ 3 ಗಂಟೆ ಒಲೆ ಮುಂದೆ ಕೂರುವವರು 20 ವರ್ಷಕ್ಕೆ 60 ಮುಟ್ಟುತ್ತಾರೆ; 4 ಗಂಟೆಯಾದರೆ 15 ವರ್ಷಕ್ಕೇ ಮುಟ್ಟುತ್ತಾರೆ. 60 ದಾಟಿದ ಎಲ್ಲರಿಗೂ ರೋಗ ಬರುತ್ತದೆ ಎಂದಲ್ಲ. ಆದರೆ ಹೊಗೆಯ ಗಂಟೆಗಳನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲೇ ಇದೆ.

ಮನೆಯಲ್ಲಿ ಏನು ಮಾಡಬಹುದು?

1. ಗ್ಯಾಸ್ ಇದ್ದರೆ ಹೆಚ್ಚು ಹೊತ್ತು ಬೇಯುವ ಅಡುಗೆಗೇ ಅದನ್ನು ಬಳಸಿ. ಹುರುಳಿ, ಒಣ ಅವರೆಕಾಳನ್ನು ರಾತ್ರಿಯೇ ನೆನೆಹಾಕಿ, ಕುಕ್ಕರಿನಲ್ಲಿ ಬೇಯಿಸಿ. ಪಾತ್ರೆಗೆ ಮುಚ್ಚಳ ಮುಚ್ಚಿ. ಗ್ಯಾಸೂ ಉಳಿಯುತ್ತದೆ.

2. ಸೌದೆ ಅನಿವಾರ್ಯವಾದರೆ ಚೆನ್ನಾಗಿ ಒಣಗಿದ, ಸಣ್ಣಗೆ ಸೀಳಿದ ಸೌದೆಯನ್ನೇ ಬಳಸಿ. ಹಸಿ ಸೌದೆಯಿಂದ ಹೊಗೆ ಹೆಚ್ಚು, ಶಾಖ ಕಡಿಮೆ.

3. ಹೊಗೆಕೊಳವೆ ಇರುವ ಒಲೆ ಹಾಕಿಸಿ. ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ 'ಅಸ್ತ್ರ ಒಲೆ' ಇಂಥದ್ದು. ಸೌದೆಯೂ ಕಡಿಮೆ ಸಾಕು. ಕೊಳವೆಯ ಮಸಿಯನ್ನು ಆಗಾಗ ತೆಗೆಯಿರಿ. ಅಡುಗೆ ಮಾಡುವಾಗ ಕಿಟಕಿ, ಬಾಗಿಲು ತೆರೆದಿಡಿ.

4. ಒಲೆ ಹಚ್ಚಲು ಹಾಲಿನ ಕವರು, ಪ್ಲಾಸ್ಟಿಕ್ ಚೀಲ, ಟೈರಿನ ಚೂರು ಹಾಕಲೇಬೇಡಿ. ಕೆಲವು ಬಗೆಯ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಅದು ಗಾಳಿಗೂ ಬೂದಿಯ ಮೂಲಕ ಹೊಲಕ್ಕೂ ಸೇರುತ್ತದೆ. ತೆಂಗಿನ ನಾರು, ಒಣಗರಿ ಸಾಕು.

5. ಬಚ್ಚಲುಮನೆಯ ಹಂಡೆ ಒಲೆಯನ್ನು ಬಾಗಿಲು ಮುಚ್ಚಿ ಉರಿಸಬೇಡಿ. ಕೆಂಡದಿಂದ ಬರುವ ವಿಷಾನಿಲಕ್ಕೆ ವಾಸನೆಯಿಲ್ಲ. ಅದು ಪ್ರಾಣ ತೆಗೆಯಬಲ್ಲದು. ಅನುಕೂಲವಿದ್ದವರು ಸೋಲಾರ್ ಹೀಟರ್ ಹಾಕಿಸಬಹುದು.

6. ನಾಲ್ಕೈದು ದನಗಳಿದ್ದರೆ ಗೋಬರ್ ಗ್ಯಾಸ್ ಉತ್ತಮ. ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಿಕ್ಕರೆ 2 ಘನ ಮೀಟರ್ ಘಟಕ ನಡೆಯುತ್ತದೆ. ಬೆರಣಿ ಮಾಡಿದರೆ ಸಗಣಿ ಹೊಗೆಯಾಗುತ್ತದೆ. ಗೋಬರ್ ಗ್ಯಾಸಿನಲ್ಲಿ ಅಡುಗೆಯೂ ಆಗಿ, ಬಗ್ಗಡ ಗದ್ದೆಗೆ ಗೊಬ್ಬರವಾಗುತ್ತದೆ.

7. ಗರ್ಭಿಣಿಯರು, ಬಾಣಂತಿಯರು, ಎಳೆಮಕ್ಕಳು ಒಲೆಯ ಹತ್ತಿರ ಇರದಂತೆ ನೋಡಿಕೊಳ್ಳಿ. ಮಗುವನ್ನು ಸೊಂಟಕ್ಕೇರಿಸಿಕೊಂಡು ಒಲೆ ಊದಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?

ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯರೋಗದ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ವರ್ಷಕ್ಕೆ ಮೂರು ತಿಂಗಳಂತೆ ಎರಡು ವರ್ಷ ಕಫದ ಕೆಮ್ಮು ಕಾಡಿದ್ದರೆ, ನೀರಿನ ಬಿಂದಿಗೆ ಹೊತ್ತು ನಡೆಯುವಾಗ ದಮ್ಮು ಕಟ್ಟಿದರೆ ಸ್ಪೈರೋಮೆಟ್ರಿ ಪರೀಕ್ಷೆ ಅಗತ್ಯ. ಕೊಳವೆಯೊಳಗೆ ಜೋರಾಗಿ ಊದುವುದಷ್ಟೇ. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ವೈದ್ಯರು ಇನ್‌ಹೇಲರ್ ಕೊಟ್ಟರೆ ಅಂಜಬೇಡಿ, ಮಧ್ಯದಲ್ಲಿ ನಿಲ್ಲಿಸಬೇಡಿ. ಔಷಧಿಯ ಜೊತೆಗೆ ಹೊಗೆಯೂ ನಿಲ್ಲಬೇಕು. ಇಲ್ಲವಾದರೆ ಗುಣ ಅರ್ಧವೇ.

ಶರಣರು ಯಾವ ಕಾಯಕವನ್ನೂ ಕೀಳೆನ್ನಲಿಲ್ಲ. ಅಡುಗೆಯೂ ಕಾಯಕವೇ. ಸಿಲಿಂಡರ್ ತರುವುದು, ಹೊಗೆಕೊಳವೆ ಹಾಕಿಸುವುದು ಮನೆಯ ಗಂಡಸರ ಹೊಣೆಯೂ ಹೌದು. ಹಬ್ಬಕ್ಕೆ ಸುಣ್ಣ ಬಳಿಯುವ ಮುನ್ನ ಅಡುಗೆಮನೆಯ ಗೋಡೆ ಎಷ್ಟು ಕಪ್ಪಾಗಿದೆ ನೋಡಿ. ಗೋಡೆಗೆ ಸುಣ್ಣ ಬಳಿಯಬಹುದು, ಶ್ವಾಸಕೋಶಕ್ಕೆ ಬಳಿಯಲಾಗದು.