ಹಸುಗೂಸಿನ ಮೈಯ ಬಿಸಿ ಕಾಯುವ ಪ್ರೋಟೀನು

ತಾಯಿಯ ಗರ್ಭದಲ್ಲಿ ಶಿಶುವು ಸುಮಾರು 37 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯಲ್ಲಿ ಬೆಳೆಯುತ್ತದೆ. ಹುಟ್ಟಿದ ಕ್ಷಣದಲ್ಲಿಯೇ ಅದು ಒದ್ದೆ ಮೈಯಲ್ಲಿ, ಅದಕ್ಕಿಂತ ಬಹಳ ತಂಪಾದ ಕೋಣೆಗೆ ಬರುತ್ತದೆ. ಚಳಿಯಾದಾಗ ದೊಡ್ಡವರಾದ ನಾವು ನಡುಗುತ್ತೇವೆ. ಸ್ನಾಯುಗಳ ಆ ನಡುಕವೇ ಶಾಖವನ್ನು ಹುಟ್ಟಿಸುತ್ತದೆ. ಹಸುಗೂಸಿಗೆ ಹಾಗೆ ನಡುಗುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಆದರೂ ಅದರ ಮೈ ತನ್ನ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಅರಿತರೆ, ಬಾಣಂತಿಯ ಕೋಣೆಯಲ್ಲಿ ನಾವು ವಹಿಸಬೇಕಾದ ಎಚ್ಚರಿಕೆಗಳ ಅರ್ಥವೂ ಸ್ಪಷ್ಟವಾಗುತ್ತದೆ.

ಶಿಶುವಿನ ಕುತ್ತಿಗೆ, ಹೆಗಲ ಮೂಳೆಗಳ ನಡುವಿನ ಭಾಗ ಹಾಗೂ ಮೂತ್ರಪಿಂಡಗಳ ಸುತ್ತ ಕಂದು ಬಣ್ಣದ ಒಂದು ವಿಶೇಷ ಕೊಬ್ಬು ಇರುತ್ತದೆ. ಸಾಮಾನ್ಯ ಬಿಳಿ ಕೊಬ್ಬು ಶಕ್ತಿಯನ್ನು ಕೂಡಿಡುತ್ತದೆ. ಕಂದು ಕೊಬ್ಬು ಅದನ್ನು ಉರಿಸಿ ಶಾಖ ಮಾಡುತ್ತದೆ. ಇದರ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾಗಳು ಕಿಕ್ಕಿರಿದಿರುತ್ತವೆ. ಅವುಗಳಲ್ಲಿರುವ ಕಬ್ಬಿಣದ ಅಂಶವೇ ಆ ಕಂದು ಬಣ್ಣಕ್ಕೆ ಮುಖ್ಯ ಕಾರಣ.

ಮೈಟೊಕಾಂಡ್ರಿಯಾಕ್ಕೆ ಎರಡು ಪೊರೆಗಳಿವೆ. ಆಹಾರದಿಂದ ಬಂದ ಶಕ್ತಿಯನ್ನು ಬಳಸಿ ಅದು ಪ್ರೋಟಾನುಗಳನ್ನು ಒಳಪೊರೆಯ ಹೊರಬದಿಗೆ ತಳ್ಳಿ ಕೂಡಿಡುತ್ತದೆ. ಅಣೆಕಟ್ಟೆಯ ಹಿಂದೆ ನಿಂತ ನೀರು ಟರ್ಬೈನನ್ನು ತಿರುಗಿಸಿ ವಿದ್ಯುತ್ತನ್ನು ಕೊಡುವಂತೆ, ಈ ಪ್ರೋಟಾನುಗಳು ಮರಳಿ ಒಳಗೆ ಹರಿಯುವಾಗ ಎಟಿಪಿ ಎಂಬ ಶಕ್ತಿಯ ಅಣು ತಯಾರಾಗುತ್ತದೆ. ಈ ತತ್ತ್ವವನ್ನು 1961ರಲ್ಲಿ ಮಂಡಿಸಿದ ಬ್ರಿಟಿಷ್ ವಿಜ್ಞಾನಿ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಕಂದು ಕೊಬ್ಬಿನ ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ ಯುಸಿಪಿ-1 ಎಂಬ ಪ್ರೋಟೀನು ಇದೆ. ಇದು ಟರ್ಬೈನನ್ನು ತಪ್ಪಿಸಿ ನೀರು ಹರಿಯಬಿಡುವ ತೂಬಿನಂತೆ. ಇದರ ಮೂಲಕ ಪ್ರೋಟಾನುಗಳು ಹರಿದಾಗ ಎಟಿಪಿ ತಯಾರಾಗುವುದಿಲ್ಲ; ಆ ಶಕ್ತಿಯೆಲ್ಲ ಶಾಖವಾಗುತ್ತದೆ.

ಈ ತೂಬು ಸದಾ ತೆರೆದಿರುವುದಿಲ್ಲ. ಜೀವಕೋಶದಲ್ಲಿರುವ ಎಟಿಪಿಯಂತಹ ಅಣುಗಳೇ ಇದರ ನಡುವಿನ ಗೂಡಿನಲ್ಲಿ ಕುಳಿತು ಇದನ್ನು ಮುಚ್ಚಿರುತ್ತವೆ. ಚಳಿ ತಾಗಿದಾಗ ನರಗಳಿಂದ ನಾರ್‌ಅಡ್ರಿನಲಿನ್ ಸ್ರವಿಸುತ್ತದೆ, ಕೊಬ್ಬು ಕರಗುತ್ತದೆ. ಹೀಗೆ ಬಿಡುಗಡೆಯಾದ ಕೊಬ್ಬಿನಾಮ್ಲಗಳು ಯುಸಿಪಿ-1 ಅನ್ನು ಚುರುಕುಗೊಳಿಸುತ್ತವೆ.

ಇದರ ರಚನೆಯಲ್ಲಿಯೇ ಇದರ ಪೂರ್ವಚರಿತ್ರೆ ಅಡಗಿದೆ. ಸುಮಾರು 300 ಅಮೈನೋ ಆಮ್ಲಗಳ ಈ ಸರಪಳಿಯಲ್ಲಿ, ಪರಸ್ಪರ ಹೋಲುವ ಮೂರು ಭಾಗಗಳಿವೆ. ಪ್ರತಿಯೊಂದು ಭಾಗದಲ್ಲಿ ಪೊರೆಯನ್ನು ದಾಟುವ ಎರಡು ಸುರುಳಿಗಳು. ಒಟ್ಟು ಆರು ಸುರುಳಿಗಳು ಸೇರಿ, ನಡುವೆ ಗೂಡಿರುವ ಪೀಪಾಯಿಯಾಕಾರವನ್ನು ತಾಳುತ್ತವೆ. ಅತಿ ಪ್ರಾಚೀನ ಕಾಲದಲ್ಲಿ ಚಿಕ್ಕದೊಂದು ವಂಶವಾಹಿಯ ತುಣುಕು ಮೂರು ಸಲ ಮರುಕಳಿಸಿ ಈ ಪ್ರೋಟೀನು ರೂಪುಗೊಂಡಿತೆಂದು ಇದರಿಂದ ತಿಳಿಯುತ್ತದೆ. ಎಟಿಪಿಯನ್ನು ಹೊರಗೆ ಸಾಗಿಸುವ ವಾಹಕ ಪ್ರೋಟೀನು ಸೇರಿದಂತೆ, ಇದೇ ಕುಟುಂಬದ 53 ಸದಸ್ಯರು ಮನುಷ್ಯರಲ್ಲಿದ್ದಾರೆ. ಆ ವಾಹಕದ ರಚನೆ 2003ರಲ್ಲಿ ತಿಳಿದುಬಂದರೆ, ಮಾನವ ಯುಸಿಪಿ-1ರ ರಚನೆ ಸ್ಪಷ್ಟವಾದದ್ದು 2023ರಲ್ಲಿ.

ಮೈಯ ಬಿಸಿಯನ್ನು ಕಾಯ್ದುಕೊಳ್ಳದ ಮೀನುಗಳಲ್ಲಿಯೂ ಯುಸಿಪಿ-1 ಇದೆ. ಆದುದರಿಂದ ಶಾಖ ಕೊಡುವುದು ಇದರ ಮೊದಲ ಕಾಯಕವಾಗಿರಲಿಲ್ಲ. ಸಸ್ತನಿಗಳು ಹಳೆಯ ಪ್ರೋಟೀನಿಗೆ ಹೊಸ ಕೆಲಸವನ್ನು ಹಚ್ಚಿದವು. ಕೆಲವು ಪ್ರಾಣಿಗಳು ಇದನ್ನು ಕಳೆದುಕೊಂಡೂ ಇವೆ. ಆನೆ, ತಿಮಿಂಗಿಲ, ಕುದುರೆಗಳಲ್ಲಿ ಈ ವಂಶವಾಹಿ ನಿಷ್ಕ್ರಿಯವಾಗಿದೆ. ಹಂದಿಗಳಲ್ಲಿ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಇದು ಕೆಟ್ಟಿತು. ಆದುದರಿಂದಲೇ ಹಂದಿಮರಿಗಳು ನಡುಗಿಯೇ ಬಿಸಿಯಾಗಬೇಕು; ತಾಯಿಹಂದಿಯು ಈಯುವ ಮೊದಲು ಹುಲ್ಲುಕಡ್ಡಿಗಳ ಗೂಡನ್ನು ಕಟ್ಟುತ್ತದೆ.

ನಮ್ಮ ಮಗುವಿಗೆ ಈ ಒಲೆ ಇದ್ದರೂ ಅದರ ಸೌದೆ ಸೀಮಿತವಾದದ್ದು. ತಿಂಗಳು ತುಂಬದೆ ಹುಟ್ಟಿದ ಹಾಗೂ 2.5 ಕಿಲೋಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಕಂದು ಕೊಬ್ಬು ಕಡಿಮೆ. ಶಾಖೋತ್ಪಾದನೆಗೆ ಆಮ್ಲಜನಕವೂ ಸಕ್ಕರೆಯೂ ವ್ಯಯವಾಗುವುದರಿಂದ, ಚಳಿಯಲ್ಲಿ ಉಳಿದ ಶಿಶುವಿನ ರಕ್ತದಲ್ಲಿ ಸಕ್ಕರೆ ಕುಸಿದು ಪ್ರಾಣಾಪಾಯವೂ ಒದಗಬಹುದು. ಆದುದರಿಂದ ಹುಟ್ಟಿದೊಡನೆ ಮಗುವನ್ನು ಒರೆಸಿ, ತಾಯಿಯ ಬರಿಯ ಎದೆಗೆ ಮೈ ತಾಗುವಂತೆ ಮಲಗಿಸಬೇಕು. ತಲೆಗೆ ಕುಲಾವಿ ತೊಡಿಸಬೇಕು. ಮೊದಲ ಗಂಟೆಯೊಳಗೆ ಎದೆಹಾಲು ಕುಡಿಸಬೇಕು. ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡುವಂತೆ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವುದು ಸಲ್ಲದು. ಅದರ ಹೊಗೆ ಹಾಗೂ ಕಾರ್ಬನ್ ಮೋನಾಕ್ಸೈಡ್ ತಾಯಿಮಕ್ಕಳಿಬ್ಬರಿಗೂ ಅಪಾಯಕರ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗುವಿಗೆ ಚಳಿಯಾಗುತ್ತಿದೆ ಎಂದರ್ಥ, ಒಡನೆಯೇ ಬೆಚ್ಚಗೆ ಮಾಡಬೇಕು. ಹೊಟ್ಟೆಯೂ ತಣ್ಣಗಾಗಿದ್ದರೆ, ಇಲ್ಲವೇ ಮಗು ಹಾಲು ಕುಡಿಯದೆ ಮಂಕಾಗಿದ್ದರೆ, ಎದೆಗವಚಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು.

ಇದರ ಜೊತೆಗೆ ದೊಡ್ಡವರಿಗೂ ಒಂದು ಮಾತು. ಯುಸಿಪಿ-1 ಮಾಡುವ ಕೆಲಸವನ್ನು ಮೈಯ ಎಲ್ಲ ಜೀವಕೋಶಗಳಲ್ಲಿ, ಯಾವ ತಡೆಯೂ ಇಲ್ಲದೆ ಮಾಡುವ ಡೈನೈಟ್ರೋಫೀನಾಲ್ ಎಂಬ ರಾಸಾಯನಿಕವನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಮಾರಿದರು. ಮೈಯ ಬಿಸಿ ಏರಿ ಸಾವುಗಳು ಸಂಭವಿಸಿದ ಮೇಲೆ, 1938ರಲ್ಲಿ ಅದನ್ನು ಮನುಷ್ಯರ ಸೇವನೆಗೆ ಅಯೋಗ್ಯವೆಂದು ಸಾರಲಾಯಿತು. ಈ ವಿಷಕ್ಕೆ ಪ್ರತ್ಯೌಷಧವಿಲ್ಲ. ಅಂತರ್ಜಾಲದಲ್ಲಿ ಇಂದಿಗೂ ಮಾರಾಟವಾಗುವ ಇದರ ಮಾತ್ರೆಗಳನ್ನು ಯಾರೂ ಮುಟ್ಟಬಾರದು. ಪ್ರಕೃತಿಯು ಇಟ್ಟ ತೂಬಿಗೆ ಮುಚ್ಚಳವುಂಟು. ಈ ಮಾತ್ರೆಗೆ ಅದಿಲ್ಲ.