ಕೆಳಗಿಳಿಯುವ ಸ್ವಾತಂತ್ರ್ಯ ಯಾರಿಗಿದೆ? ಸಿಯಾಚಿನ್‌ನಲ್ಲಿ ಬದುಕುಳಿಯುವ ಲೆಕ್ಕಾಚಾರ

ಎತ್ತರದ ಪರ್ವತಕ್ಕೆ ಹೋಗೋರಿಗೆ ಹೇಳಿಕೊಡುವ ಮೊದಲ ಪಾಠ ತುಂಬಾ ಸರಳ. ತಲೆನೋವು, ವಾಂತಿ ಶುರುವಾದರೆ ಮತ್ತೆ ಮೇಲೆ ಹತ್ತಬೇಡಿ, ಕಮ್ಮಿಯಾಗದಿದ್ದರೆ ಕೆಳಗಿಳಿಯಿರಿ. ಬೆಂಗಳೂರಿನಿಂದ ವಿಮಾನ ಹತ್ತಿ ಸುಮಾರು 11,500 ಅಡಿ ಎತ್ತರದ ಲೇಹ್‌ನಲ್ಲಿ ಇಳಿಯುವ ಹುಡುಗ ಹುಡುಗಿಯರಿಗೂ ಇದೇ ಪಾಠ. ಅವರು ಟ್ರಿಪ್ ಕ್ಯಾನ್ಸಲ್ ಮಾಡಿ ವಾಪಸ್ ಬರಬಹುದು. ಸಿಯಾಚಿನ್‌ನ ಸೈನಿಕನಿಗೆ ಆ ಆಯ್ಕೆಯಿಲ್ಲ. ಆತ ಇಳಿಯಬೇಕೆಂದರೆ ಆದೇಶ ಬೇಕು, ಹೆಲಿಕಾಪ್ಟರ್ ಬೇಕು, ಹೆಲಿಕಾಪ್ಟರ್ ಹಾರಲು ಹವಾಮಾನ ಬಿಡಬೇಕು.

ದೇಹಕ್ಕೆ ಅಲ್ಲಿ ಆಗುವುದೇನು? ಮೇಲೆ ಆಮ್ಲಜನಕದ ಪ್ರಮಾಣ ಕಡಿಮೆ ಅಂತ ನಾವು ಹೇಳ್ತೀವಿ. ನಿಜ ಹೇಳಬೇಕೆಂದರೆ ಗಾಳಿಯಲ್ಲಿ ಅದರ ಪಾಲು ಅಲ್ಲೂ ಶೇ 21ರಷ್ಟೇ ಇರುತ್ತೆ. ಕುಸಿಯುವುದು ಗಾಳಿಯ ಒತ್ತಡ. 18,000 ಅಡಿಯಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತೆ, ಅಂದರೆ ಒಂದೊಂದು ಉಸಿರಿನಲ್ಲೂ ಅರ್ಧ ಆಮ್ಲಜನಕ. ದೇಹ ಜೋರಾಗಿ ಉಸಿರಾಡಿ, ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಂಡು ಹೊಂದಿಕೊಳ್ಳಲು ನೋಡುತ್ತೆ. ಆದರೆ ಇದಕ್ಕೊಂದು ಮಿತಿಯಿದೆ. ಜಗತ್ತಿನಲ್ಲಿ ಜನ ಕಾಯಂ ಆಗಿ ವಾಸಿಸುವ ಅತಿ ಎತ್ತರದ ಊರು ಪೆರು ದೇಶದ ಲಾ ರಿಂಕೊನಾಡಾ, ಅದು ಇರುವುದೇ ಸುಮಾರು 5,100 ಮೀಟರ್ ಎತ್ತರದಲ್ಲಿ. ಅದಕ್ಕಿಂತ ತುಂಬಾ ಮೇಲೆ ಹೋದರೆ ದೇಹ ಹೊಂದಿಕೊಳ್ಳುವುದಿಲ್ಲ, ನಿಧಾನವಾಗಿ ಸವೆಯುತ್ತೆ. ಹಸಿವಿಲ್ಲ, ನಿದ್ದೆಯಿಲ್ಲ, ತೂಕ ಇಳಿಯುತ್ತಾ ಹೋಗುತ್ತೆ. ಸಿಯಾಚಿನ್‌ನ ಕೆಲವು ಠಾಣೆಗಳು 20,000 ಅಡಿಗೂ ಮೇಲಿವೆ.

ಅವಸರದಲ್ಲಿ ಮೇಲೆ ಹೋದವರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಗಟ್ಟಿಮುಟ್ಟಾದ 22ರ ಹುಡುಗನೂ ಗಂಟೆಗಳಲ್ಲಿ ಸಾಯಬಹುದು. ಈ ಬಗ್ಗೆ ಇವತ್ತು ಜಗತ್ತಿಗೆ ಗೊತ್ತಿರುವ ಎಷ್ಟೋ ಸಂಗತಿ ಕಲಿತದ್ದು ಭಾರತದ ಸೈನಿಕರ ದೇಹಗಳಿಂದ. 1962ರ ಚೀನಾ ಯುದ್ಧದ ಸಮಯದಲ್ಲಿ ಬಯಲುಸೀಮೆಯ ಸೈನಿಕರನ್ನು ತರಾತುರಿಯಲ್ಲಿ ಹಿಮಾಲಯಕ್ಕೆ ಸಾಗಿಸಲಾಯಿತು. ಕಾಯಿಲೆ ಬಿದ್ದವರನ್ನು ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಅವರ ತಂಡ ಅಧ್ಯಯನ ಮಾಡಿತು. 1969ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿದ್ದದ್ದು 1,925 ಸೈನಿಕರ ವಿವರ. ಇವತ್ತು ಸೇನೆ 9,000 ಅಡಿಯ ಮೇಲೆ 6 ದಿನ, 12,000 ದಾಟಿದ ಮೇಲೆ 4 ದಿನ, 15,000 ದಾಟಿದ ಮೇಲೆ ಮತ್ತೆ 4 ದಿನ ತಡೆದು ದೇಹವನ್ನು ಒಗ್ಗಿಸುತ್ತೆ. ಲೇಹ್‌ನಲ್ಲಿ ಇಳಿದ ದಿನವೇ ಬೈಕ್ ಹತ್ತುವ ನಮ್ಮ ರೀಲ್ಸ್ ವೀರರು ಇದನ್ನೊಮ್ಮೆ ಓದಿದರೆ ಒಳ್ಳೇದು.

ಆಮೇಲೆ ಚಳಿ. ಅಲ್ಲಿ ಬದುಕಿಸುವುದು ಎದೆಗಾರಿಕೆಗಿಂತ ಹೆಚ್ಚಾಗಿ ಬೂಟು, ಸ್ಲೀಪಿಂಗ್ ಬ್ಯಾಗ್, ಸೀಮೆಎಣ್ಣೆ ಮತ್ತು ಊಟ. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ ಹೇಳಿದ್ದು ಇದನ್ನೇ. ಅತಿ ಎತ್ತರದ ಪ್ರದೇಶಗಳ ಸೈನಿಕರಿಗೆ 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಹಿಮದ ಬೂಟು ಪೂರೈಕೆಯಾಗದೆ ಹಳೇ ಬೂಟುಗಳನ್ನೇ ಮರುಬಳಕೆ ಮಾಡಬೇಕಾಯಿತು. ವಿಶೇಷ ರೇಷನ್ ಬದಲಿಗೆ ಬೇರೆ ಪದಾರ್ಥ ಕೊಟ್ಟಿದ್ದರಿಂದ ಸಿಗುವ ಕ್ಯಾಲೊರಿ ಶೇ 82ರವರೆಗೂ ಇಳಿದಿತ್ತು. ಸೈನಿಕರ ಹೆಸರಲ್ಲಿ ಟಿವಿಯಲ್ಲಿ ಗಂಟಲು ಹರಿದುಕೊಳ್ಳುವವರು ಈ ವರದಿಗೆ ಎಷ್ಟು ನಿಮಿಷ ಕೊಟ್ಟರು?

ಅದೇ ಅವಧಿಯಲ್ಲಿ, 2016ರ ಫೆಬ್ರವರಿ 3ರಂದು, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿದು 10 ಮಂದಿ ಹೂತುಹೋದರು. (ಬೂಟಿಗೂ ಈ ದುರಂತಕ್ಕೂ ಸಂಬಂಧ ಕಟ್ಟುತ್ತಿಲ್ಲ, ಅಷ್ಟು ಹಿಮದ ಕೆಳಗೆ ಯಾವ ಬೂಟೂ ಕಾಯೋದಿಲ್ಲ.) ಅವರಲ್ಲಿ ಮೂವರು ಕನ್ನಡಿಗರು: ಹಾಸನ ಜಿಲ್ಲೆಯ ನಾಗೇಶ್, ಮೈಸೂರು ಜಿಲ್ಲೆಯ ಮಹೇಶ್, ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ. ಹಿಮದಡಿ ಸಿಕ್ಕಿದವರನ್ನು ಕಾಲು ಗಂಟೆಯೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂಗಿನ ಮುಂದೆ ಗಾಳಿಯ ಜಾಗ ಉಳಿದಿದ್ದರಷ್ಟೇ ಆಸೆ. ಹನುಮಂತಪ್ಪ ಸಿಕ್ಕಿದ್ದು ಆರನೇ ದಿನ, ಉಸಿರಾಡುತ್ತಿದ್ದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಪವಾಡ ಅಂತ ಎಲ್ಲರೂ ಅಂದರು. ಅಲ್ಲಿ ಮನುಷ್ಯರನ್ನು ಇಟ್ಟಿರುವುದು ಯಾಕೆ ಅನ್ನುವ ಮಾತು ಅಷ್ಟರಲ್ಲೇ ಮುಗಿದುಹೋಯಿತು.

1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತದಿಂದ ಶುರುವಾದದ್ದು ಇದು. ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ 2015ರ ಡಿಸೆಂಬರ್‌ವರೆಗೆ ಹವಾಮಾನ ಮತ್ತಿತರ ಕಾರಣಗಳಿಂದ ಅಲ್ಲಿ ಸತ್ತವರು 869 ಮಂದಿ. 2003ರ ನವೆಂಬರ್‌ನಿಂದ ಅಲ್ಲಿ ಕದನ ವಿರಾಮವಿದೆ. ಆಚೆಯವರ ಕಥೆಯೂ ಬೇರೆಯಲ್ಲ: 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಹಿಮ ಕುಸಿದು ಪಾಕಿಸ್ತಾನದ 140 ಮಂದಿ ಸತ್ತರು.

ಎರಡೂ ಸೇನೆ ಕೆಳಗಿಳಿಯುವ ಮಾತುಕತೆ 1989ರಲ್ಲಿ ಒಪ್ಪಂದದ ಹತ್ತಿರ ಬಂದಿತ್ತು. ಸಿಕ್ಕಿಹಾಕಿಕೊಂಡಿರುವುದು ಒಂದೇ ಗಂಟಿನಲ್ಲಿ: ಈಗ ಯಾರು ಎಲ್ಲಿ ನಿಂತಿದ್ದಾರೆ ಅಂತ ಮೊದಲು ನಕ್ಷೆಯಲ್ಲಿ ದಾಖಲಿಸಿ ಅಂತ ಭಾರತ ಕೇಳುತ್ತೆ, ಪಾಕಿಸ್ತಾನ ಒಪ್ಪುವುದಿಲ್ಲ. 1999ರ ಕಾರ್ಗಿಲ್ ನಂತರ ಭಾರತದ ಈ ಅನುಮಾನವನ್ನು ಸುಮ್ಮನೆ ತಳ್ಳಿಹಾಕಲು ಆಗಲ್ಲ. ಆದರೆ ಬೂಟು, ಊಟದ ವಿಷಯಕ್ಕೆ ಪಾಕಿಸ್ತಾನದ ಒಪ್ಪಿಗೆ ಬೇಕಿಲ್ಲ. ಸಿಎಜಿ ಪಟ್ಟಿ ಮಾಡಿದ ಕೊರತೆಗಳಲ್ಲಿ ಎಷ್ಟು ಸರಿಹೋಗಿವೆ ಅಂತ ನಿಮ್ಮ ಕ್ಷೇತ್ರದ ಸಂಸದರು ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಕೇಳಬಹುದು. ಕೇಳಿದ್ದಾರಾ ಅಂತ ಮೊದಲು ಅವರನ್ನು ಕೇಳಿ.