ಒಂದು ಹಿಡಿ ಮಿಕ್ಸ್ಚರ್ ಮತ್ತು ಮರಳಿ ಬರುವ 7 ಕಿಲೋ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದ ದೊಡ್ಡ ಅಧ್ಯಯನವೊಂದು ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾಯಿತು. ಅದರ 2007ರ ವರದಿಯ ಪ್ರಕಾರ, ಗ್ಯಾಸ್ಟ್ರಿಕ್ ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ಇಳಿದಿತ್ತು. 10 ವರ್ಷದ ಹೊತ್ತಿಗೆ ಉಳಿದ ಇಳಿಕೆ ಶೇ. 25. ಅಂದರೆ 100 ಕಿಲೋ ಇದ್ದವರು 68ಕ್ಕೆ ಇಳಿದು, ಮೆಲ್ಲಗೆ 75ಕ್ಕೆ ಬಂದು ನಿಂತರು. ಇದನ್ನು ಸೋಲು ಎನ್ನುವುದು ಅನ್ಯಾಯ. 25 ಕಿಲೋ ಭಾರವನ್ನು ಹತ್ತು ವರ್ಷ ದೂರ ಇಡುವುದು ಬರೀ ಪಥ್ಯದಿಂದ ಬಹಳ ಕಡಿಮೆ ಜನರಿಗೆ ಸಾಧ್ಯವಾಗುವ ಕೆಲಸ. ಆದರೂ ಮರಳಿ ಬಂದ ಆ 7 ಕಿಲೋ ಎಷ್ಟು ಊಟಕ್ಕೆ ಸಮ ಎಂದು ಲೆಕ್ಕ ಹಾಕಿದರೆ ಉತ್ತರ ಅಚ್ಚರಿ ಹುಟ್ಟಿಸುವಷ್ಟು ಚಿಕ್ಕದು.

ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಸೂತ್ರ ಹೀಗಿದೆ: ದಿನಕ್ಕೆ 24 ಕ್ಯಾಲೊರಿ ಹೆಚ್ಚಾಗಿ ತಿನ್ನುತ್ತಾ ಹೋದರೆ ಕೊನೆಗೆ ಸುಮಾರು 1 ಕಿಲೋ ಏರುತ್ತದೆ. ಅದರಲ್ಲಿ ಅರ್ಧ ಮೊದಲ ವರ್ಷದಲ್ಲೇ, ಹೆಚ್ಚುಕಡಿಮೆ ಪೂರ್ತಿ ಮೂರು ವರ್ಷದಲ್ಲಿ. ಹಾಗಾದರೆ 7 ಕಿಲೋಗೆ ದಿನಕ್ಕೆ 168 ಕ್ಯಾಲೊರಿ ಸಾಕು. ಅಂಗಡಿಯ ಖಾರದ ಮಿಕ್ಸ್ಚರ್ 100 ಗ್ರಾಂನಲ್ಲಿ 550 ಕ್ಯಾಲೊರಿ ಆಸುಪಾಸು ಇರುವುದರಿಂದ, 168 ಎಂದರೆ 30 ಗ್ರಾಂ. ರಾತ್ರಿ ಟಿವಿ ಮುಂದೆ ಕೂತು ತಿನ್ನುವ, ದೊಡ್ಡವರ ಒಂದು ಹಿಡಿ. ಈ ಸೂತ್ರ ಸಾಮಾನ್ಯ ವಯಸ್ಕರದು; ಶಸ್ತ್ರಚಿಕಿತ್ಸೆ ಆದವರಿಗೆ ಗ್ರಾಂ ಲೆಕ್ಕದಲ್ಲಿ ಒಪ್ಪುವುದಿಲ್ಲ. ತೂಕ ಮರಳುವುದಕ್ಕೆ ರಾತ್ರಿಯ ತಿಂಡಿಯೊಂದೇ ಕಾರಣವೂ ಅಲ್ಲ. ಆದರೆ ಪ್ರಮಾಣ ಎಷ್ಟು ಚಿಕ್ಕದು ಎಂಬುದು ಇದರಿಂದ ಕಣ್ಣಿಗೆ ಕಟ್ಟುತ್ತದೆ.

ಹಣದಲ್ಲೂ ನೋಡೋಣ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಸುಮಾರು ಎರಡೂವರೆಯಿಂದ ಐದು ಲಕ್ಷ ರೂಪಾಯಿ ತಗಲುತ್ತದೆ. 3,20,000 ರೂಪಾಯಿ ಖರ್ಚಾಗಿ 32 ಕಿಲೋ ಇಳಿದರೆ ಕಿಲೋಗೆ 10,000 ಬಿತ್ತು. ಮರಳಿದ 7 ಕಿಲೋದ ಬೆಲೆ 70,000 ರೂಪಾಯಿ. ಸಾಲ ಮಾಡಿ, ಒಡವೆ ಅಡವಿಟ್ಟು ಆಪರೇಷನ್ ಮಾಡಿಸಿಕೊಂಡ ಮನೆಗಳಿಗೆ ಈ ಅಂಕಿ ಚಿಕ್ಕದಲ್ಲ.

ಹೊಟ್ಟೆಯನ್ನೇ ಚಿಕ್ಕದು ಮಾಡಿದ ಮೇಲೂ ಈ ಒಂದು ಹಿಡಿ ತಿಂಡಿ ಒಳಗೆ ಹೋಗುವುದಾದರೂ ಹೇಗೆ? ಸಾಮಾನ್ಯ ಜಠರ ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಅದರ ಶೇ. 75ರಿಂದ 80 ಭಾಗ ತೆಗೆದು 100ರಿಂದ 150 ಮಿಲೀ ಹಿಡಿಯುವ ಕೊಳವೆಯಷ್ಟನ್ನು ಉಳಿಸುತ್ತಾರೆ. ಬೈಪಾಸ್‌ನಲ್ಲಿ ಉಳಿಯುವ ಚೀಲ 30 ಮಿಲೀ ಆಸುಪಾಸು. ಗಟ್ಟಿ ಆಹಾರ ಅಲ್ಲಿ ನಿಲ್ಲುತ್ತದೆ, ಸಾಕು ಅನ್ನಿಸುತ್ತದೆ. ಆದರೆ ಮಿಕ್ಸ್ಚರ್, ಚಿಪ್ಸ್, ಟೀಯಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಂ ಇವು ಬಾಯಲ್ಲೇ ಕರಗಿ ಗಂಜಿಯಂತಾಗಿ ಜಾರಿ ಹೋಗುತ್ತವೆ; ಹೊಟ್ಟೆ ತುಂಬಿದ ಸೂಚನೆ ಬರುವುದೇ ಇಲ್ಲ. 50 ಗ್ರಾಂ ಇಡ್ಲಿಯಲ್ಲಿ 65 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಮಿಕ್ಸ್ಚರಿನಲ್ಲಿ 275. ಟಿವಿ ಮುಂದೆ ಕೂತು ನಡುನಡುವೆ ನೀರು ಕುಡಿಯುತ್ತಾ ತಿಂದರೆ ಇನ್ನೂ ಬೇಗ ಜಾರುತ್ತದೆ. ಊಟದ ಜೊತೆಗೂ, ಆದ ಮೇಲೆ ಅರ್ಧ ಗಂಟೆಯೂ ನೀರು ಬೇಡ ಎಂದು ಆಸ್ಪತ್ರೆಯಲ್ಲಿ ಹೇಳುವುದು ಇದಕ್ಕೇ.

ಇನ್ನು ಹಸಿವಿನ ಹೊತ್ತಿನ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಬಹಳ ಜನ ಇಲ್ಲೇ ತಮ್ಮನ್ನು ತಾವು ಬೈದುಕೊಳ್ಳುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ತಂಡ ಪತ್ತೆ ಮಾಡಿತು. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ತೆಗೆದು ಹಾಕುವುದೂ ಅದೇ ಭಾಗ. ಹಾಗಾಗಿ ಮೊದಲ ಕೆಲವು ತಿಂಗಳು ‘ಹಸಿವೇ ಇಲ್ಲ, ಊಟದ ನೆನಪೇ ಆಗೋಲ್ಲ’ ಎನ್ನುವವರು ತುಂಬಾ. ಆಮೇಲೆ ಹಸಿವು ಮರಳುತ್ತದೆ, ಮರಳುವಾಗ ಸಂಜೆಯ ಹೊತ್ತಿಗೆ ಜೋರಾಗಿರುತ್ತದೆ. 2013ರ ಒಂದು ಪ್ರಯೋಗದಲ್ಲಿ 12 ಜನರನ್ನು ಮಂದ ಬೆಳಕಿನಲ್ಲಿ ಇಟ್ಟು, ಹಗಲು ರಾತ್ರಿಯ ಗುರುತೇ ಸಿಗದಂತೆ ಮಾಡಿ ಪರೀಕ್ಷಿಸಿದರು. ದೇಹದೊಳಗಿನ ಗಡಿಯಾರದ ಪ್ರಕಾರ ಹಸಿವು ಅತಿ ಕಡಿಮೆ ಇದ್ದದ್ದು ಬೆಳಿಗ್ಗೆ 8ಕ್ಕೆ, ಅತಿ ಹೆಚ್ಚಾಗಿದ್ದದ್ದು ರಾತ್ರಿ 8ಕ್ಕೆ. ಸಿಹಿ, ಉಪ್ಪು, ಪಿಷ್ಟದ ಆಸೆಯೂ ಹಾಗೆಯೇ ಏರಿಳಿದಿತ್ತು. ರಾತ್ರಿ ಡಬ್ಬದ ಕಡೆ ಕೈ ಹೋಗುವುದು ಮನಸ್ಸು ಗಟ್ಟಿ ಇಲ್ಲದ್ದರಿಂದ ಅಲ್ಲ. ಆ ಹೊತ್ತಿನ ದೇಹವೇ ಹಾಗೆ.

ಬೆಳಿಗ್ಗೆ ಹಸಿವಿಲ್ಲ ಎಂದು ಬಿಟ್ಟದ್ದೇ ರಾತ್ರಿಯ ಬಾಕಿಯಾಗುತ್ತದೆ. ಶಸ್ತ್ರಚಿಕಿತ್ಸೆ ಆದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ನಮ್ಮ ಕಡೆಯ ಸಾಮಾನ್ಯ ದಿನವೊಂದನ್ನು ಕೂಡಿಸಿ ನೋಡಿ: ಬೆಳಿಗ್ಗೆ ಒಂದು ಇಡ್ಲಿ, ಸ್ವಲ್ಪ ಸಾಂಬಾರ್ 4 ಗ್ರಾಂ, ಕಾಫಿ 2, ಮಧ್ಯಾಹ್ನ ಒಂದು ಚಪಾತಿ, ಅರ್ಧ ಬಟ್ಟಲು ಬೇಳೆ ಸಾರು 7, ಸಂಜೆ ಟೀ, ಎರಡು ಬಿಸ್ಕತ್ತು 3, ರಾತ್ರಿ ಒಂದಿಷ್ಟು ಮೊಸರನ್ನ 4. ಒಟ್ಟು 20 ಗ್ರಾಂ, ಬೇಕಾದ್ದರಲ್ಲಿ ಮೂರನೇ ಒಂದು ಭಾಗ. ಹೊಟ್ಟೆ ಚಿಕ್ಕದಾದ ಮೇಲೆ ಇಡ್ಲಿ, ಅನ್ನಕ್ಕೆ ಜಾಗ ಕೊಟ್ಟರೆ ಬೇಳೆ, ಮೊಟ್ಟೆಗೆ ಜಾಗ ಉಳಿಯುವುದಿಲ್ಲ. ಜೊತೆಗೆ ನಾಲ್ಕೂವರೆಯ ಟೀಯಿಂದ ಒಂಬತ್ತೂವರೆಯ ಊಟದವರೆಗೆ ಐದು ಗಂಟೆಯ ಖಾಲಿ. ಹಸಿವು ಶಿಖರಕ್ಕೇರುವ 8 ಗಂಟೆ ಇದರ ನಡುವೆಯೇ ಬರುತ್ತದೆ.

ಆದ್ದರಿಂದ ರಾತ್ರಿಯ ಚಪಲಕ್ಕೆ ಮದ್ದು ಬೆಳಿಗ್ಗೆಯಿಂದಲೇ ಶುರುವಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ 12 ಗ್ರಾಂ. ಹನ್ನೊಂದಕ್ಕೆ ಸಕ್ಕರೆ ಇಲ್ಲದ 150 ಮಿಲೀ ಹಾಲಿಗೆ ಒಂದು ಅಳತೆ ವೇ ಪ್ರೋಟೀನ್ ಪುಡಿ 28. ಮಧ್ಯಾಹ್ನ ಗಟ್ಟಿ ಬೇಳೆ, ಮೊಸರು 10. ಐದೂವರೆಗೆ 30 ಗ್ರಾಂ ಹುರಿಗಡಲೆ, ಚೆನ್ನಾಗಿ ಅಗಿದು, 6. ಏಳೂವರೆಗೆ 50 ಗ್ರಾಂ ಪನೀರಿನ ಪಲ್ಯ 9. ಒಟ್ಟು 65. ಪುಡಿ ಬಿಟ್ಟರೆ 41ಕ್ಕೆ ನಿಲ್ಲುತ್ತದೆ. ಆಗ ಪನೀರಿನ ಬದಲು ಕೋಳಿ, ಮೀನು, ಇನ್ನೊಂದು ಮೊಟ್ಟೆ ಸೇರಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಅಳತೆಗೆ ಹೋಗಬಾರದು.

ಖರ್ಚಿನ ಮಾತು ಬಂದಾಗ ಪ್ರೋಟೀನ್ ದುಬಾರಿ ಎನ್ನುತ್ತಾರೆ. ಈಗಿನ ಅಂಗಡಿ ದರದ ಅಂದಾಜಿನಲ್ಲಿ ಒಂದು ಗ್ರಾಂ ಪ್ರೋಟೀನ್ ಹುರಿಗಡಲೆಯಲ್ಲಿ ಒಂದು ರೂಪಾಯಿಗೂ ಕಡಿಮೆ. 7 ರೂಪಾಯಿಯ ಮೊಟ್ಟೆಯಲ್ಲಿ 1 ರೂಪಾಯಿ 20 ಪೈಸೆ, ಹಾಲಿನಲ್ಲಿ ಒಂದೂವರೆ, ಕಿಲೋಗೆ 400ರ ಪನೀರಿನಲ್ಲಿ ಎರಡು ಚಿಲ್ಲರೆ. ವೇ ಪುಡಿಯಲ್ಲಿ ಮಾತ್ರ ಮೂರು ರೂಪಾಯಿ. ಒಂದು ಅಳತೆಗೆ 75 ರೂಪಾಯಿಯಂತೆ ವರ್ಷಕ್ಕೆ 27,375 ಆಗುತ್ತದೆ, ನಿಜ. ಆದರೆ ವಾರಕ್ಕೆ ಎರಡು ಸಲ ರಾತ್ರಿ ಹನ್ನೊಂದಕ್ಕೆ ಮೊಬೈಲ್ ಆ್ಯಪ್‌ನಲ್ಲಿ 250 ರೂಪಾಯಿಯ ಐಸ್‌ಕ್ರೀಂ ತರಿಸಿದರೆ ವರ್ಷಕ್ಕೆ 26,000. ವಿಮೆ ಶಸ್ತ್ರಚಿಕಿತ್ಸೆಯ ಬಿಲ್ ಕೊಟ್ಟರೂ ಪುಡಿ, ವಿಟಮಿನ್ ಮಾತ್ರೆಗಳ ಖರ್ಚು ಸಾಮಾನ್ಯವಾಗಿ ನಮ್ಮ ಕೈಯಿಂದಲೇ ಹೋಗುತ್ತದೆ. ಆಪರೇಷನ್ನಿಗೆ ಹಣ ಹೊಂದಿಸುವಾಗಲೇ ಇದನ್ನೂ ಸೇರಿಸಿಟ್ಟುಕೊಳ್ಳುವುದು ಜಾಣತನ.

ಒಂದು ಪೈಸೆ ಖರ್ಚಿಲ್ಲದ ಉಪಾಯ ನಿದ್ದೆ. 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ರಾತ್ರಿ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಹೆಚ್ಚಿದ್ದ 80 ಜನರಲ್ಲಿ ಕೆಲವರ ನಿದ್ದೆಯನ್ನು ಸುಮಾರು ಒಂದು ಗಂಟೆ ಹತ್ತು ನಿಮಿಷ ಹೆಚ್ಚಿಸಿದರು. ಬೇರೇನೂ ಹೇಳಿರಲಿಲ್ಲ. ಅವರು ತಿನ್ನುವುದು ಉಳಿದವರಿಗೆ ಹೋಲಿಸಿದರೆ ದಿನಕ್ಕೆ 270 ಕ್ಯಾಲೊರಿ ಕಡಿಮೆಯಾಯಿತು. ನಮ್ಮ 168ಕ್ಕಿಂತ ಇದು ದೊಡ್ಡ ಅಂಕಿ! ಬೆಂಗಳೂರಿನ ಕಾಲ್ ಸೆಂಟರ್, ಆಸ್ಪತ್ರೆ, ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಇದು ಕಷ್ಟದ ಮಾತು ಎಂದು ಗೊತ್ತು. ಅವರು ಪಾಳಿಯ ಊಟವನ್ನು ಮನೆಯಿಂದಲೇ ಅಳೆದು ಒಯ್ಯುವುದು, ಹಗಲಿನ ನಿದ್ದೆಗೆ ಕೋಣೆ ಕತ್ತಲಾಗಿಸಿಕೊಳ್ಳುವುದು ಅಗತ್ಯ.

ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ, ಸ್ಲೀವ್ ಆದವರಿಗೆ ಎದೆಯುರಿ ಬರುವುದು ಹೆಚ್ಚು. ಹತ್ತು ಗಂಟೆಗೆ ನಿಜವಾಗಿ ಹಸಿದರೆ ಸಕ್ಕರೆ ಹಾಕದ 150 ಮಿಲೀ ಹಾಲು ಸಾಕು, 90 ಕ್ಯಾಲೊರಿ.

ಆದರೆ ಎಲ್ಲ ರಾತ್ರಿ ಹಸಿವೂ ಚಪಲವಲ್ಲ. ಸಿಹಿ ತಿಂದ ಒಂದರಿಂದ ಮೂರು ಗಂಟೆಯೊಳಗೆ ಬೆವರು, ನಡುಕ, ಎದೆಬಡಿತ ಬಂದು ಹಸಿವಾದರೆ ರಕ್ತದ ಸಕ್ಕರೆ ಕುಸಿದಿರಬಹುದು. ಬೈಪಾಸ್ ಆದವರಲ್ಲಿ ಇದು ಹೆಚ್ಚು. ಅದನ್ನು ಪರೀಕ್ಷಿಸಲೇಬೇಕು. ಇನ್ನೊಂದು, ಆಲ್ಬರ್ಟ್ ಸ್ಟಂಕರ್ಡ್ 1955ರಲ್ಲಿ ಗುರುತಿಸಿದ ರಾತ್ರಿ ತಿನ್ನುವ ಕಾಯಿಲೆ. ದಿನದ ಆಹಾರದ ಶೇ. 25 ಅಥವಾ ಹೆಚ್ಚು ರಾತ್ರಿ ಊಟದ ನಂತರವೇ ಆಗುವುದು, ಇಲ್ಲವೇ ವಾರಕ್ಕೆ ಎರಡು ಸಲವಾದರೂ ನಿದ್ದೆಯಿಂದೆದ್ದು ತಿನ್ನುವುದು ಅದರ ಲಕ್ಷಣ. ದಿನಕ್ಕೆ 1,000 ಕ್ಯಾಲೊರಿ ತಿನ್ನುವವರಿಗೆ 250 ಎಂದರೆ ಮಿಕ್ಸ್ಚರ್ 45 ಗ್ರಾಂ ಮಾತ್ರ. ಮೂರು ತಿಂಗಳಿಂದ ಹೀಗೆ ನಡೆದಿದ್ದರೆ ಆಪ್ತಸಮಾಲೋಚನೆ, ಕೆಲವರಿಗೆ ಔಷಧ ಬೇಕಾಗುತ್ತದೆ. ಬುದ್ಧಿಮಾತಿನಿಂದ ಹೋಗುವಂಥದ್ದಲ್ಲ ಇದು. ಮನೆಯವರು ಹಂಗಿಸಿದರೆ ತಿನ್ನುವುದು ನಿಲ್ಲುವುದಿಲ್ಲ, ಕದ್ದು ತಿನ್ನುವುದು ಶುರುವಾಗುತ್ತದೆ.

ಶಸ್ತ್ರಚಿಕಿತ್ಸೆ ಆಗಿ ವರ್ಷ ಕಳೆದವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಒಂದು ವಾರ ರಾತ್ರಿ ಎಂಟರ ನಂತರ ಬಾಯಿಗೆ ಹೋದದ್ದನ್ನು, ಹೊತ್ತು ಮತ್ತು ಅಳತೆಯ ಸಮೇತ ಬರೆದಿಡಿ. ಮಲಗಿದ ಹೊತ್ತನ್ನೂ ಬರೆಯಿರಿ. ಏನನ್ನೂ ಮುಚ್ಚಿಡದೆ ಆ ಹಾಳೆಯನ್ನು ನಿಮ್ಮ ಡಯಟಿಷಿಯನ್ ಕೈಗೆ ಕೊಡಿ. ತೂಕ ಏರಿದೆ ಎಂಬ ನಾಚಿಕೆಗೆ ತಪಾಸಣೆ ತಪ್ಪಿಸಬೇಡಿ.